ಪ್ರೊಬೇಷನ್ ಸೇವೆ: ಒಳ್ಳೆಯ ಮನಸ್ಸಿನ ಜತೆ ತರಬೇತಿಯೂ ಬೇಕು

ಸೆರೆಮನೆಯಲ್ಲಿರುವವರನ್ನು ಭೇಟಿ ಮಾಡುವುದು ದಯಾಕಾರ್ಯಗಳಲ್ಲಿ ಒಂದು ಎಂದು ನಾವೆಲ್ಲ ಧರ್ಮೋಪದೇಶದ ತರಗತಿಯಲ್ಲೇ ಕಲಿತಿದ್ದೇವೆ. ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯವನ್ನು ಕೇಳದವರು ನಮ್ಮಲ್ಲಿ ಇರಲಾರರು. ಭಾರತದ ಧರ್ಮಸಭೆ ಪ್ರತಿ ವರ್ಷ ಆಗಸ್ಟ್ ತಿಂಗಳ ಎರಡನೇ ಭಾನುವಾರವನ್ನು ಕಾರಾಗೃಹ ಸೇವೆಗಾಗಿ ಮೀಸಲಿಟ್ಟಿದೆ. ಆ ದಿನ ಕಾಣಿಕೆ ಕೊಡುತ್ತೇವೆ, ಬಂಧಿಗಳಿಗಾಗಿ ಪ್ರಾರ್ಥಿಸುತ್ತೇವೆ.

ಆದರೆ ತಪ್ಪು ಸಾಬೀತಾದರೂ ಜೈಲಿಗೆ ಹೋಗದೆ, ನ್ಯಾಯಾಲಯದಲ್ಲಿ ಮುಚ್ಚಳಿಕೆ ಬರೆದುಕೊಟ್ಟು ನಮ್ಮ ವಾಳೆಗೇ ಮರಳಿ ಬರುವವರ ಬಗ್ಗೆ ನಾವು ಯೋಚಿಸುವುದು ಕಡಿಮೆ. ಅವರ ಸುತ್ತ ಗೋಡೆಯಿಲ್ಲ, ಭೇಟಿಯ ಸಮಯವೂ ಗೊತ್ತುಪಡಿಸಿಲ್ಲ. ಅವರು ತಪ್ಪು ಮಾಡಿದ ಊರಿನಲ್ಲೇ, ತಮ್ಮಿಂದ ನೊಂದವರ ಎದುರಿನಲ್ಲೇ ಬದುಕಬೇಕು. ಅವರ ಜತೆಗೆ ನಡೆಯುವವರು ಯಾರು? ಆ ಕೆಲಸಕ್ಕೆ ಏನು ಕಲಿತಿರಬೇಕು? ಈ ಲೇಖನದಲ್ಲಿ ನಾವು ವಿಚಾರಿಸುವುದು ಇದನ್ನೇ.

ಪ್ರೊಬೇಷನ್ ಎಂದರೇನು?

ಪ್ರೊಬೇಷನ್ ಎಂದಾಗ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹೊಸದಾಗಿ ಕೆಲಸಕ್ಕೆ ಸೇರಿದವರ ಪರೀಕ್ಷಾ ಅವಧಿ. ನ್ಯಾಯಾಲಯದ ಪ್ರೊಬೇಷನ್ ಬೇರೆ. 1958ರಲ್ಲಿ ಸಂಸತ್ತು ಅಂಗೀಕರಿಸಿದ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಲ್ಲದ ಅಪರಾಧಗಳಲ್ಲಿ, ಅಪರಾಧಿಯ ನಡತೆ ಮತ್ತು ಪ್ರಕರಣದ ಸ್ವರೂಪ ನೋಡಿ, ನ್ಯಾಯಾಲಯ ಅವನನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಬಹುದು. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 3 ವರ್ಷ. ಅಗತ್ಯ ಕಂಡರೆ ಕನಿಷ್ಠ 1 ವರ್ಷ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇರಿಸಬಹುದು. ನಮ್ಮ ಸರಕಾರಿ ಕನ್ನಡದಲ್ಲಿ ಇವರನ್ನು ಪರಿವೀಕ್ಷಣಾಧಿಕಾರಿ ಎನ್ನುತ್ತಾರೆ.

21 ವರ್ಷದೊಳಗಿನವರ ವಿಷಯದಲ್ಲಿ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ ಅವರನ್ನು ಜೈಲಿಗೆ ಕಳುಹಿಸುವ ಮುನ್ನ ನ್ಯಾಯಾಲಯ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು. ಜೈಲೇ ಬೇಕೆಂದಾದರೆ ಅದಕ್ಕೆ ಕಾರಣ ಬರೆಯಬೇಕು. ನೊಂದವರಿಗೆ ಪರಿಹಾರ ಕೊಡಿಸಲು 5ನೇ ಕಲಮಿನಲ್ಲಿ ಅವಕಾಶವಿದೆ. ಹೀಗೆ ಬಿಡುಗಡೆಯಾದವರಿಗೆ ಅಪರಾಧ ಸಾಬೀತಾದ ಕಾರಣದಿಂದ ಬರುವ ಅನರ್ಹತೆ ತಟ್ಟಬಾರದು ಎಂದು 12ನೇ ಕಲಮು ಹೇಳುತ್ತದೆ.

ಇದರ ಜತೆಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಸಮುದಾಯ ಸೇವೆಯನ್ನು ಮೊದಲ ಬಾರಿಗೆ ಶಿಕ್ಷೆಗಳ ಪಟ್ಟಿಗೆ ಸೇರಿಸಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಸಲ ಸಿಕ್ಕಿಬಿದ್ದವರು ಅದನ್ನು ಮರಳಿಸಿದರೆ ಅವರಿಗೆ ಸಮುದಾಯ ಸೇವೆಯೇ ಶಿಕ್ಷೆ. ಸಾರ್ವಜನಿಕ ಸ್ಥಳದಲ್ಲಿ ಕುಡಿದು ಅನುಚಿತವಾಗಿ ವರ್ತಿಸುವುದು, ಮಾನಹಾನಿ ಮುಂತಾದ ಕೆಲವು ಅಪರಾಧಗಳಿಗೂ ಈ ಶಿಕ್ಷೆ ಕೊಡಬಹುದು. ಸಮುದಾಯಕ್ಕೆ ಉಪಯೋಗವಾಗುವ, ಸಂಬಳವಿಲ್ಲದ ಕೆಲಸ ಇದು. ಕೆಲಸ ಕೊಡುವುದು, ಮಾಡಿಸುವುದು, ಮಾಡಿದ್ದನ್ನು ನ್ಯಾಯಾಲಯಕ್ಕೆ ತಿಳಿಸುವುದು, ಇವೆಲ್ಲ ತಿಳಿದ ಜನರು ಬೇಕಾಗುತ್ತಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 4 ಲಕ್ಷ 36 ಸಾವಿರ ಮಂದಿಗೆ ಸ್ಥಳವಿದ್ದರೆ ಇದ್ದವರು 5 ಲಕ್ಷ 73 ಸಾವಿರ. ಇವರಲ್ಲಿ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು, ಅವರ ಸಮಸ್ಯೆಗೆ ಪ್ರೊಬೇಷನ್ ಉತ್ತರವಲ್ಲ. ಆದರೆ ಸಣ್ಣ ತಪ್ಪಿಗೆ ಶಿಕ್ಷೆಯಾಗುವವರಿಗಾದರೂ ಜೈಲಿನ ದಾರಿ ತಪ್ಪಿಸಬಹುದು.

ಭಕ್ತಿಯಿಂದ ಹುಟ್ಟಿದ ಸೇವೆ

ಪ್ರೊಬೇಷನ್ ಸರಕಾರಿ ಕಚೇರಿಯಲ್ಲಿ ಹುಟ್ಟಿದ್ದಲ್ಲ. 1841ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಬೂಟು ತಯಾರಿಸುವ ಜಾನ್ ಅಗಸ್ಟಸ್ ಎಂಬವರು ಕುಡುಕನೊಬ್ಬನಿಗೆ ಜಾಮೀನು ನಿಂತರು. ಮೂರು ವಾರಗಳ ನಂತರ ಅವನನ್ನು ನ್ಯಾಯಾಲಯಕ್ಕೆ ಕರೆತಂದಾಗ ಗುರುತೇ ಸಿಗದಷ್ಟು ಬದಲಾಗಿದ್ದ. ನ್ಯಾಯಾಧೀಶರು ವೆಚ್ಚದ ಜತೆ ಒಂದು ಸೆಂಟ್ ದಂಡ ಹಾಕಿ ಬಿಟ್ಟರು. 1859ರಲ್ಲಿ ತೀರಿಕೊಳ್ಳುವ ತನಕ ಅಗಸ್ಟಸ್ ಸುಮಾರು 1,900 ಮಂದಿಗೆ ಹೀಗೆ ನೆರವಾದರು. ಮ್ಯಾಸಚೂಸೆಟ್ಸ್ ರಾಜ್ಯ 1878ರಲ್ಲಿ ಇದಕ್ಕೆ ಕಾನೂನಿನ ರೂಪ ಕೊಟ್ಟಿತು.

ಇಂಗ್ಲೆಂಡಿನಲ್ಲಿ 1876ರಲ್ಲಿ ಫ್ರೆಡರಿಕ್ ರೇನರ್ ಎಂಬ ಮುದ್ರಕರು ಆಂಗ್ಲಿಕನ್ ಸಭೆಯ ಪಾನವಿರೋಧಿ ಸಂಘಕ್ಕೆ ಐದು ಶಿಲಿಂಗ್ ದಾನ ಕಳುಹಿಸಿ, ಪೊಲೀಸ್ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬೀಳುವವರಿಗಾಗಿ ಏನಾದರೂ ಮಾಡಿ ಎಂದು ಕೇಳಿಕೊಂಡರು. ಅದರಿಂದ ನ್ಯಾಯಾಲಯ ಮಿಷನರಿಗಳ ಸೇವೆ ಆರಂಭವಾಯಿತು. 1907ರ ಕಾನೂನು ಆ ಸೇವೆಯನ್ನು ಅಧಿಕಾರಿಗಳ ವೃತ್ತಿಯಾಗಿ ಮಾಡಿತು.

ಒಳ್ಳೆಯ ಮನಸ್ಸು ಸಾಕೇ?

ಹೀಗೆ ದಯೆಯಿಂದ ಹುಟ್ಟಿದ ಕೆಲಸಕ್ಕೆ ತರಬೇತಿ ಯಾಕೆ ಎಂಬ ಪ್ರಶ್ನೆ ಸಹಜ. ಕೆನಡಾದ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿನ ಸಂಶೋಧಕರು ಪ್ರೊಬೇಷನ್ ಅಧಿಕಾರಿಗಳ ಮಾತುಕತೆಯ ಧ್ವನಿಮುದ್ರಣಗಳನ್ನು ಕೇಳಿದಾಗ, ಬಹಳಷ್ಟು ಸಮಯ ಷರತ್ತುಗಳ ಪಾಲನೆಯ ವಿಚಾರಣೆಯಲ್ಲೇ ಕಳೆಯುತ್ತಿತ್ತು. ತಪ್ಪಿಗೆ ದಾರಿ ಮಾಡುವ ಯೋಚನೆ, ಸಹವಾಸಗಳ ಬಗ್ಗೆ ಮಾತು ಕಡಿಮೆ.

ಜೇಮ್ಸ್ ಬಾಂಟಾ ಮತ್ತು ಸಂಗಡಿಗರು ಈ ಕೊರತೆಗಾಗಿ ತರಬೇತಿ ರೂಪಿಸಿದರು. ಅದರ ಹಿಂದಿನ ತತ್ವಗಳು ಮೂರು. ಯಾರಿಗೆ ಎಷ್ಟು ಗಮನ ಬೇಕು ಎಂದು ಅಪಾಯದ ಮಟ್ಟ ನೋಡಿ ನಿರ್ಧರಿಸುವುದು ಮೊದಲನೆಯದು. ಅಪರಾಧಕ್ಕೆ ನಿಜವಾಗಿ ಕಾರಣವಾದ ಸಂಗತಿಯ ಮೇಲೆಯೇ ಕೆಲಸ ಮಾಡುವುದು ಎರಡನೆಯದು. ಆ ವ್ಯಕ್ತಿ ಕಲಿಯಬಲ್ಲ ರೀತಿಯಲ್ಲಿ ಕಲಿಸುವುದು ಮೂರನೆಯದು.

ನಮ್ಮ ಕರಾವಳಿಯ ಬದುಕಿಗೆ ಇದನ್ನು ಹೊಂದಿಸಿ ನೋಡೋಣ. ಆಳಸಮುದ್ರಕ್ಕೆ ಹೋಗುವ ಬೋಟು ಹತ್ತು ದಿನ ಮರಳದೆ ಇರಬಹುದು. ಅದರಲ್ಲಿ ದುಡಿಯುವ ಯುವಕನಿಗೆ ಪ್ರತಿ ಸೋಮವಾರ ಬಂದು ಸಹಿ ಹಾಕು ಎಂದರೆ ಇರುವ ಕೆಲಸವೂ ಹೋಗುತ್ತದೆ. ಅಪಾಯ ಕಡಿಮೆ ಇರುವವರನ್ನು ಅತಿಯಾಗಿ ಬಿಗಿಹಿಡಿದರೆ ಕೆಡುಕೇ ಹೆಚ್ಚು ಎನ್ನುವುದು ಈ ತರಬೇತಿಯ ಮುಖ್ಯ ಪಾಠ. ಇನ್ನೊಬ್ಬನ ಜಗಳಕ್ಕೆಲ್ಲ ಕುಡಿತವೇ ಮೂಲ ಎಂದಿಟ್ಟುಕೊಳ್ಳೋಣ. ಅವನಿಗೆ ಒಂದು ಗಂಟೆಯ ಬುದ್ಧಿವಾದಕ್ಕಿಂತ, ಮುಂದಿನ ವಾರದ ರೋಸ್ ಸಮಾರಂಭದಲ್ಲಿ ಗ್ಲಾಸು ಕೈಗೆ ಬಂದಾಗ ಏನು ಹೇಳಬೇಕು, ಯಾರ ಜತೆ ಮನೆಗೆ ಹೊರಡಬೇಕು ಎಂದು ಮೊದಲೇ ಮಾತಾಡಿಕೊಳ್ಳುವುದು ಉಪಕಾರಿ. ಹೀಗೆ ಮಾತಾಡಲು ಕಲಿಯಬೇಕಾಗುತ್ತದೆ.

ಕೆನಡಾದ ಪ್ರಯೋಗದಲ್ಲಿ 80 ಅಧಿಕಾರಿಗಳಿದ್ದರು. ಕೆಲವರಿಗೆ ಮೂರು ದಿನಗಳ ತರಬೇತಿ ಸಿಕ್ಕಿತು, ಉಳಿದವರು ಹಿಂದಿನಂತೆಯೇ ಕೆಲಸ ಮಾಡಿದರು. ಎರಡು ವರ್ಷಗಳಲ್ಲಿ ಮತ್ತೆ ಅಪರಾಧಕ್ಕೆ ಶಿಕ್ಷೆಯಾದವರ ಪ್ರಮಾಣ, ತರಬೇತಿ ಪಡೆದವರ ಬಳಿ ಇದ್ದವರಲ್ಲಿ ನೂರಕ್ಕೆ ಸುಮಾರು 25, ಇತರರಲ್ಲಿ ಸುಮಾರು 40. ಶಿಬಿರ ಮುಗಿದ ಮೇಲೆ ತಿಂಗಳಿಗೊಮ್ಮೆ ಸೇರಿ ಚರ್ಚಿಸುವ, ತಮ್ಮ ಮಾತುಕತೆಯ ಮುದ್ರಣ ಕೇಳಿ ತಿದ್ದಿಕೊಳ್ಳುವ ಏರ್ಪಾಡು ಇತ್ತು. ಪ್ರಮಾಣಪತ್ರ ಹಂಚಿ, ಫೋಟೋ ತೆಗೆದು ಮುಗಿಸುವ ಶಿಬಿರಗಳಿಂದ ಇಂಥ ಫಲ ಬರುವುದಿಲ್ಲ.

ನಾಯಕತ್ವದ ಹೊಣೆ

ಇಲ್ಲಿಯೇ ನಾಯಕತ್ವದ ಪ್ರಶ್ನೆ ಬರುತ್ತದೆ. ಕಲಿತದ್ದನ್ನು ಉಳಿಸುವವರು, ಕಾರ್ಯಕರ್ತರ ಆಯಾಸವನ್ನು ಗಮನಿಸುವವರು, ಅವರ ಮೇಲಿನ ಭಾರವನ್ನು ಹಂಚುವವರು ಮೇಲ್ವಿಚಾರಕರೇ. 2014ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರೊಬೇಷನ್ ಸೇವೆಯನ್ನು ಎರಡಾಗಿ ಒಡೆದು, ಕಡಿಮೆ ಮತ್ತು ಮಧ್ಯಮ ಅಪಾಯದವರನ್ನು 21 ಗುತ್ತಿಗೆ ಕಂಪೆನಿಗಳಿಗೆ ಒಪ್ಪಿಸಲಾಯಿತು. ಅನುಭವಿಗಳು ಸೇವೆ ಬಿಟ್ಟರು, ಉಳಿದವರ ಮೇಲೆ ಹೊರೆ ಬಿತ್ತು. ಕೊನೆಗೆ 2021ರ ಜೂನ್‌ನಲ್ಲಿ ಎಲ್ಲವನ್ನೂ ಮರಳಿ ಸರಕಾರವೇ ವಹಿಸಿಕೊಂಡಿತು. ನೂರು ವರ್ಷಗಳಿಗೂ ಹೆಚ್ಚು ಕಾಲ ಕಟ್ಟಿದ್ದನ್ನು ಕೆಡಿಸಲು ಏಳು ವರ್ಷ ಸಾಕಾಯಿತು.

ಜಪಾನಿನ ಉದಾಹರಣೆ ನಮಗೆ ಇನ್ನೂ ಹತ್ತಿರ. ಅಲ್ಲಿ ಸುಮಾರು 46 ಸಾವಿರ ಸ್ವಯಂಸೇವಕರು, ಸುಮಾರು ಒಂದು ಸಾವಿರ ವೃತ್ತಿಪರ ಅಧಿಕಾರಿಗಳ ಜತೆ ಸೇರಿ, ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾರೆ. ಅಪರಾಧಿಯನ್ನು ತಮ್ಮ ಮನೆಗೇ ಕರೆದು ಚಹಾ ಕೊಟ್ಟು ಮಾತಾಡಿಸುವುದು ಅಲ್ಲಿನ ಪದ್ಧತಿ. 2024ರ ಮೇ ತಿಂಗಳಲ್ಲಿ ಓತ್ಸು ನಗರದಲ್ಲಿ ಇಂಥ ಒಬ್ಬ ಸ್ವಯಂಸೇವಕರು ತಮ್ಮ ಮನೆಯಲ್ಲೇ ಕೊಲೆಯಾದರು. ಅವರ ಮೇಲ್ವಿಚಾರಣೆಯಲ್ಲಿದ್ದ ವ್ಯಕ್ತಿಯನ್ನೇ ಪೊಲೀಸರು ಬಂಧಿಸಿದರು. ಸ್ವಯಂಸೇವಕರನ್ನು ಒಬ್ಬಂಟಿಯಾಗಿ ಬಿಡಬಾರದು ಎಂಬುದಕ್ಕೆ ಇದಕ್ಕಿಂತ ಕಟುವಾದ ಪಾಠ ಬೇಕಿಲ್ಲ.

ನಮ್ಮ ದೇಶದಲ್ಲಿಯೂ ಕಲಿಯುವ ಸ್ಥಳಗಳಿವೆ. ದಕ್ಷಿಣದ ರಾಜ್ಯಗಳು ಸೇರಿ 1979ರಲ್ಲಿ ವೆಲ್ಲೂರಿನಲ್ಲಿ ಕಾರಾಗೃಹ ಮತ್ತು ಸುಧಾರಣಾ ಆಡಳಿತ ಅಕಾಡೆಮಿ ಸ್ಥಾಪಿಸಿದವು. ನಮ್ಮ ಮಂಗಳೂರಿನಲ್ಲಿ ಧರ್ಮಭಗಿನಿಯರು 1960ರಲ್ಲಿ ಆರಂಭಿಸಿದ ರೋಶನಿ ನಿಲಯ ಸಮಾಜಕಾರ್ಯವನ್ನೂ ಅಪರಾಧಶಾಸ್ತ್ರವನ್ನೂ ಕಲಿಸಿದೆ. ಕೇರಳದ ಗುರುವಿದ್ಯಾರ್ಥಿಗಳಿಂದ 1981ರಲ್ಲಿ ಆರಂಭವಾದ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಇಂದು ದೇಶದ ಉದ್ದಗಲಕ್ಕೆ ಸ್ವಯಂಸೇವಕರನ್ನು ಹೊಂದಿದೆ.

ನಮ್ಮ ಧರ್ಮಕೇಂದ್ರಗಳು ಏನು ಮಾಡಬಹುದು?

ಹೆಚ್ಚಿನವರು ತಿಳಿಯದ ಒಂದು ಸಂಗತಿ 1958ರ ಕಾಯ್ದೆಯ 13ನೇ ಕಲಮಿನಲ್ಲಿದೆ. ಪ್ರೊಬೇಷನ್ ಅಧಿಕಾರಿ ಸರಕಾರಿ ನೌಕರರೇ ಆಗಬೇಕೆಂದಿಲ್ಲ. ರಾಜ್ಯ ಸರಕಾರ ಮಾನ್ಯ ಮಾಡಿದ ಸಂಘವೂ ಅಂಥವರನ್ನು ಒದಗಿಸಬಹುದು. ವಿಶೇಷ ಸಂದರ್ಭದಲ್ಲಿ ನ್ಯಾಯಾಲಯಕ್ಕೆ ಯೋಗ್ಯರೆಂದು ಕಂಡ ಬೇರೆಯವರನ್ನೂ ನೇಮಿಸಬಹುದು. ಅಂದರೆ ಬಾಗಿಲು ತೆರೆದೇ ಇದೆ. ಒಳಗೆ ಹೋಗಲು ತಯಾರಿ ಬೇಕು.

ವಿನ್ಸೆಂಟ್ ಡಿ ಪಾವ್ಲ್ ಸಭೆಯವರು, ವಾಳೆಯ ಗುರಿಕಾರರು, ಯುವ ಸಂಚಾಲನದ ಮುಖಂಡರು ಈ ಕೆಲಸಕ್ಕೆ ಇಳಿಯುವ ಮೊದಲು ಕೆಲವು ವಿಷಯಗಳನ್ನು ಮನದಟ್ಟು ಮಾಡಿಕೊಳ್ಳಬೇಕೆಂದು ನಮಗೆ ಅನ್ನಿಸುತ್ತದೆ.

1. ಗೌಪ್ಯತೆ. ಪ್ರೊಬೇಷನ್ ವರದಿ ಗೌಪ್ಯ ಎಂದು ಕಾಯ್ದೆಯೇ ಹೇಳುತ್ತದೆ. ಒಬ್ಬರ ಕಥೆ ವಾಳೆಯ ಪ್ರಾರ್ಥನಾ ಕೂಟದಲ್ಲಿ ಹೆಸರು ಹಿಡಿದು ಪ್ರಾರ್ಥನೆಯಾಗಿ ಹೊರಬಂದರೂ ಅದು ಗುಟ್ಟು ಬಿಟ್ಟುಕೊಟ್ಟಂತೆಯೇ.

2. ಇಬ್ಬರಾಗಿ ಹೋಗುವುದು. ಹೋದದ್ದನ್ನು ಮೇಲ್ವಿಚಾರಕರಿಗೆ ತಿಳಿಸುವುದು.

3. ಮಾತು ಕೊಡದಿರುವುದು. ಸಾಲ ಕೊಡುತ್ತೇವೆ, ಕೇಸು ಮುಗಿಸುತ್ತೇವೆ ಎನ್ನಬಾರದು. ಕಾನೂನು ನೆರವು ಬೇಕಾದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸಬೇಕು.

4. ನೊಂದವರನ್ನು ಮರೆಯದಿರುವುದು. ಕಳವಿಗೆ ಒಳಗಾದ ಮನೆಯವರೂ ಅದೇ ಚರ್ಚಿನ ಬೆಂಚಿನಲ್ಲಿ ಕುಳಿತಿರಬಹುದು. ಅವರಿಗೆ ಹೇಳದೆ ಕೇಳದೆ ಕ್ಷಮಿಸಿಬಿಡಿ ಎಂದು ಒತ್ತಾಯಿಸುವುದು ದಯೆಯಲ್ಲ.

5. ಧರ್ಮ ಕೇಳದಿರುವುದು. ನ್ಯಾಯಾಲಯದ ಆಜ್ಞೆಯಂತೆ ಬಂದವರು ನಮ್ಮ ಉಪದೇಶ ಕೇಳಲು ಬಂದವರಲ್ಲ. ಸೇವೆ ಎಲ್ಲರಿಗೂ ಒಂದೇ.

6. ಬಿಡದಿರುವುದು. ಮೂರು ತಿಂಗಳು ಉತ್ಸಾಹದಿಂದ ಬಂದು ನಾಲ್ಕನೇ ತಿಂಗಳು ನಿಲ್ಲಿಸುವುದಕ್ಕಿಂತ, ತಿಂಗಳಿಗೊಮ್ಮೆಯಾದರೂ ಅವಧಿ ಮುಗಿಯುವ ತನಕ ಹೋಗುವುದು ಮೇಲು.

ಜುಬಿಲಿ ವರ್ಷದ ಆರಂಭದಲ್ಲಿ, 2024ರ ಡಿಸೆಂಬರ್ 26ರಂದು, ಪೋಪ್ ಫ್ರಾನ್ಸಿಸ್ ರೋಮಿನ ರೆಬಿಬ್ಬಿಯಾ ಜೈಲಿನಲ್ಲಿ ಪವಿತ್ರ ಬಾಗಿಲನ್ನು ತೆರೆದರು. ಅದರ ಅರ್ಥ ಜೈಲಿನೊಳಗಿದ್ದವರಿಗೆ ಮಾತ್ರ ಸೀಮಿತವಲ್ಲ. ಹೊರಗೆ ಬಂದವನಿಗೆ ಊರಿನ ಬಾಗಿಲು ತೆರೆದಿದೆಯೇ ಎಂಬ ಪ್ರಶ್ನೆ ನಮಗೆ ಉಳಿದಿದೆ. ಬರುವ ಕಾರಾಗೃಹ ಸೇವಾ ಭಾನುವಾರ ಕಾಣಿಕೆಯ ಜತೆಗೆ, ಪ್ರತಿ ಧರ್ಮಕೇಂದ್ರದಿಂದ ಇಬ್ಬರನ್ನಾದರೂ ತರಬೇತಿಗೆ ಕಳುಹಿಸುವ ನಿರ್ಧಾರವನ್ನು ಪಾಲನಾ ಮಂಡಳಿಗಳು ಮಾಡಲಿ. ಅವರು ಕಲಿತು ಬಂದ ಮೇಲೆ ತಿಂಗಳಿಗೊಮ್ಮೆ ಅವರ ಮಾತನ್ನು ಕೇಳಲು ನಾವೂ ಸಮಯ ಇಟ್ಟುಕೊಳ್ಳೋಣ.