ಸಾವಳಗಿಯ ಸಹಿ

ಬಾದಾಮಿಯಿಂದ ಮೂರು ಮೈಲು ದೂರದಲ್ಲಿ, ಹರಿದ್ರಾತೀರ್ಥದ ದಂಡೆಯ ಮೇಲೆ ನೆಲಸಿರುವ ಬನಶಂಕರಿಯ ತೇರು ಪುಷ್ಯಮಾಸದ ಬನದ ಹುಣ್ಣಿಮೆಯಂದು ಸಾಗಿದ ಬಳಿಕ, ಸುತ್ತಣ ಬಯಲಿನಲ್ಲಿ ಡೇರೆ ಹೂಡಿದ ನಾಟಕ ಕಂಪನಿಗಳು ವಾರಗಟ್ಟಲೆ ಬೆಳ್ಳಿ ಮೂಡುವವರೆಗೂ ಆಟವಾಡುವುದು ನಮ್ಮ ಸೀಮೆಯ ಬಹುಕಾಲದ ರೂಢಿ. 1977ರಲ್ಲಿ ಆ ಹುಣ್ಣಿಮೆ ಜನವರಿ 5ನೆಯ ತಾರೀಖಿಗೆ ಬಂದಿತ್ತು. ಅದಕ್ಕೆ ಎರಡು ದಿನ ಮೊದಲು ಸಂವಿಧಾನದ 42ನೆಯ ತಿದ್ದುಪಡಿಯ ಬಹುಭಾಗವು ಜಾರಿಗೆ ಬಂದಿತ್ತು. ಜಾತ್ರೆಯ ಸಡಗರ ಇನ್ನೂ ಇಳಿಯದಿದ್ದ 18ನೆಯ ತಾರೀಖು ಇಂದಿರಾ ಗಾಂಧಿಯವರು ಲೋಕಸಭೆಯ ಚುನಾವಣೆಯನ್ನು ಸಾರಿದರು. ಮತ್ತೆರಡು ದಿನ ಕಳೆಯುವಷ್ಟರಲ್ಲಿ, ಎಂಟು ತಿಂಗಳ ಸೆರೆವಾಸದಿಂದ ಆಗತಾನೆ ಹೊರಬಂದಿದ್ದ ಅಭಿನೇತ್ರಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನಲ್ಲಿ ತೀರಿಕೊಂಡರು. ಜಾತ್ರೆಯ ಹೆಣ್ಣುಮಕ್ಕಳು ಬುಟ್ಟಿ ಇಳಿಸಿ ಬಡಿಸುವ ಜೋಳದ ರೊಟ್ಟಿ, ಗಟ್ಟಿಮೊಸರುಗಳನ್ನುಂಡು ನಾಟಕದ ಬಯಲಿಗೆ ನಡೆಯುತ್ತಿದ್ದ ಜನಕ್ಕೆ ಇವುಗಳ ಪೈಕಿ ಎಷ್ಟು ತಿಳಿದಿತ್ತೋ! ಪತ್ರಿಕೆಗಳಿಗೆ ಪೂರ್ವಪರಿಶೀಲನೆಯ ಕಡಿವಾಣ ಬಿದ್ದು ಆಗಲೇ ಒಂದೂವರೆ ವರ್ಷ ಕಳೆದಿತ್ತು.

ಕಂಪನಿ ನಾಟಕದ ದುಷ್ಟರಾಜನನ್ನು ಗುರುತಿಸುವುದು ಎಳೆಯ ಮಕ್ಕಳಿಗೂ ಸುಲಭ. ಆತ ಮೀಸೆ ತಿರುವುತ್ತಾನೆ, ಅಟ್ಟಹಾಸಗೈಯುತ್ತಾನೆ, ಅವನ ಮೇಲೆ ಕೆಂಪು ದೀಪ ಬೀಳುತ್ತದೆ. ಆದರೆ 1975ರ ಜೂನ್ 25ರ ರಾತ್ರಿ ದಿಲ್ಲಿಯಲ್ಲಿ ನಡೆದದ್ದು ಅತ್ಯಂತ ನಿಶ್ಶಬ್ದವಾದ ಕಾರ್ಯ. ಜೂನ್ 12ರಂದು ಅಲಹಾಬಾದಿನ ಉಚ್ಚ ನ್ಯಾಯಾಲಯವು ತಮ್ಮ ಚುನಾವಣೆಯನ್ನು ಅಸಿಂಧುವೆಂದು ತೀರ್ಮಾನಿಸಿದ ತರುವಾಯ, ಪ್ರಧಾನಮಂತ್ರಿಗಳು ಸಂವಿಧಾನದ 352ನೆಯ ಅನುಚ್ಛೇದದನ್ವಯ, ಒಳನಾಡಿನ ಕ್ಷೋಭೆಯ ನೆವದಿಂದ, ತುರ್ತುಪರಿಸ್ಥಿತಿಯ ಘೋಷಣೆಯ ಕರಡನ್ನು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರಿಗೆ ಕಳುಹಿದರು. ಅವರು ಸಹಿ ಮಾಡಿದರು. ಮಂತ್ರಿಮಂಡಲಕ್ಕೆ ಆ ಸಂಗತಿ ತಿಳಿದದ್ದು ಮರುದಿನ ಬೆಳಗ್ಗೆ ಆರು ಗಂಟೆಯ ಸಭೆಯಲ್ಲಿ. ಜರ್ಮನಿಯಲ್ಲಿಯೂ 1933ರ ಫೆಬ್ರವರಿ 28ರಂದು ವೃದ್ಧ ಅಧ್ಯಕ್ಷ ಹಿಂಡೆನ್‌ಬರ್ಗರು ತಮ್ಮ ಸಂವಿಧಾನದ ಒಂದು ವಿಧಿಯನ್ನೇ ಆಧಾರವಾಗಿಟ್ಟುಕೊಂಡು ಪ್ರಜೆಗಳ ಹಕ್ಕುಗಳನ್ನು ಅಮಾನತ್ತಿನಲ್ಲಿರಿಸುವ ಆಜ್ಞೆಗೆ ಹೆಸರು ಬರೆದಿದ್ದರು. ಎರಡು ಪ್ರಸಂಗಗಳ ಪರಿಣಾಮಗಳಿಗೆ ಹೋಲಿಕೆಯಿಲ್ಲವಾದರೂ, ಕಾನೂನಿನ ಬಾಗಿಲಿನಿಂದಲೇ ಕಾನೂನು ಹೊರನಡೆದ ರೀತಿ ಒಂದೇ. ನಮ್ಮ ಕಡೆ ಹಸ್ತಾಕ್ಷರಕ್ಕೆ ಸಹಿ ಎನ್ನುತ್ತಾರೆ. ಆ ಶಬ್ದಕ್ಕೆ ಮೂಲದಲ್ಲಿ ಸರಿ, ನಿಜ ಎಂಬ ಅರ್ಥ. ದಕ್ಷಿಣದವರು ರುಜು ಎನ್ನುತ್ತಾರೆ. ಅದು ಕಿವಿಗೆ ನೆಟ್ಟಗಿರುವುದು ಎಂಬರ್ಥದ ಋಜುವಿನಂತೆಯೇ ಕೇಳಿಸುತ್ತದೆ. ಭಾಷೆಗೆ ಸಹಿಯ ಮೇಲೆ ಎಷ್ಟೊಂದು ನಂಬಿಕೆ!

ಆ ಸಹಿಯ ಕಾವು ಮೊದಲು ತಾಗಿದ ಊರುಗಳಲ್ಲಿ ಬೆಂಗಳೂರೂ ಒಂದು. ಪಕ್ಷಾಂತರ ನಿಷೇಧದ ಮಸೂದೆಯನ್ನು ಕುರಿತ ಸಂಸತ್ತಿನ ಸಮಿತಿಯ ಸಭೆಗೆಂದು ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರನ್ನು ಜೂನ್ 26ರಂದು ಬಂಧಿಸಿ, ಇಂದು ಫ್ರೀಡಂ ಪಾರ್ಕ್ ಎಂಬ ಹೆಸರಿನ ಉದ್ಯಾನವಾಗಿರುವ ಅಂದಿನ ಕೇಂದ್ರ ಕಾರಾಗೃಹದಲ್ಲಿರಿಸಿದರು. ಬಂಧನಕ್ಕೆ ಬಳಸಿದ್ದು 1971ರ ಆಂತರಿಕ ಭದ್ರತೆಯ ಕಾಯಿದೆ, ಜನರ ಬಾಯಲ್ಲಿ ‘ಮೀಸಾ’. ವಿಚಾರಣೆಯಿಲ್ಲ, ಆರೋಪಪಟ್ಟಿಯಿಲ್ಲ, ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಸುವ ಹೊಣೆಯನ್ನೂ ಸರಕಾರವು ತಿದ್ದುಪಡಿಗಳ ಮೂಲಕ ಕಳಚಿಕೊಂಡಿತ್ತು. ಬಂದಿಗಳು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಈ ಅರ್ಜಿಯ ತಿರುಳು ಬಲು ಸರಳ: ಹಿಡಿದವನು ಹಿಡಿಯಲ್ಪಟ್ಟವನನ್ನು ನ್ಯಾಯಾಧೀಶರೆದುರು ನಿಲ್ಲಿಸಿ, ಯಾವ ಕಾನೂನಿನಡಿ ಹಿಡಿದೆನೆಂದು ಹೇಳಬೇಕು. ಹಕ್ಕುಗಳೇ ಅಮಾನತ್ತಿನಲ್ಲಿರುವಾಗ ಇಂಥ ಅರ್ಜಿಯನ್ನು ಕೇಳಲೇಬಾರದೆಂದು ಸರಕಾರ ವಾದಿಸಿತು. ಬೆಂಗಳೂರಿನ ನ್ಯಾಯಮೂರ್ತಿಗಳು ಅದನ್ನೊಪ್ಪದೆ, ಕೇಳುತ್ತೇವೆ ಎಂದರು. ಬಂದಿಗಳ ಪರವಾಗಿ ದುಡಿದ ವಕೀಲರಲ್ಲೊಬ್ಬರಾದ ಎಂ. ರಾಮಾ ಜೋಯಿಸರನ್ನೇ ಮುಂದೆ ಅದೇ ಕಾಯಿದೆಯಡಿ ಸೆರೆಗೆ ತಳ್ಳಿದ್ದು ಆ ಕಾಲದ ವಿಡಂಬನೆ.

ದೇಶದಲ್ಲಿ ಒಂಬತ್ತು ಉಚ್ಚ ನ್ಯಾಯಾಲಯಗಳು ಹೀಗೆಯೇ ಹೇಳಿದ್ದವು. ಅವೆಲ್ಲವನ್ನೂ 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ತಳ್ಳಿಹಾಕಿ, ತುರ್ತುಪರಿಸ್ಥಿತಿಯಲ್ಲಿ ಯಾವಾತನೂ ತನ್ನ ಬಂಧನವನ್ನು ಪ್ರಶ್ನಿಸಲಾರನೆಂದು ತೀರ್ಪಿತ್ತರು. ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ, ಮರುವರ್ಷ ಮುಖ್ಯ ನ್ಯಾಯಮೂರ್ತಿಯ ಪದವಿ ಅವರನ್ನು ದಾಟಿ ಕಿರಿಯರಿಗೆ ಹೋಯಿತು, ಅವರು ರಾಜೀನಾಮೆಯಿತ್ತು ಮನೆಗೆ ನಡೆದರು. ಆ ತೀರ್ಪು ಪುಸ್ತಕದಲ್ಲಿ ಉಳಿದದ್ದು ನಾಲ್ಕು ದಶಕ. ಅದನ್ನು ಹೆಸರಿಸಿ ಅಳಿಸಿದ 2017ರ ಆಗಸ್ಟ್ 24ರ ತೀರ್ಪು ಹುಟ್ಟಿದ್ದು ಕರ್ನಾಟಕದ್ದೇ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ, ಬರೆದವರಲ್ಲಿ ಒಬ್ಬರು ಅಂದಿನ ನಾಲ್ವರಲ್ಲೊಬ್ಬರಾದ ಚಂದ್ರಚೂಡರ ಮಗ.

ಏಪ್ರಿಲ್ 28ರ ಆ ತೀರ್ಪಿನ ಮಸಿ ಆರುವ ಮುನ್ನ, ಮೇ 1ರಂದು, ಮಂಗಳೂರು ಮೂಲದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸರನ್ನು ಬೆಂಗಳೂರಿನ ಪೊಲೀಸರು ಹಿಡಿದು, ತಲೆಮರೆಸಿಕೊಂಡಿದ್ದ ಅಣ್ಣನ ಸುಳಿವಿಗಾಗಿ ಚಿತ್ರಹಿಂಸೆಗೊಳಪಡಿಸಿದರು. ಮರುದಿನ ‘ಸಂಸ್ಕಾರ’ ಚಲನಚಿತ್ರದ ಅಭಿನೇತ್ರಿ ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಆಕೆಗೆ ಆಸ್ತಮಾ ಇತ್ತು. ಸೆರೆಮನೆಯ ಕೋಣೆ ಆ ವ್ಯಾಧಿಗೆ ಹೇಳಿಮಾಡಿಸಿದಂಥದು. 1977ರ ಜನವರಿ 15ರಂದು ಬಿಟ್ಟರು, 20ರಂದು ಆಕೆ ಇಲ್ಲ. ಮುಂದೆ ತುರ್ತುಪರಿಸ್ಥಿತಿಯ ಅತಿರೇಕಗಳ ತನಿಖೆಗೆ ನೇಮಕವಾದ ಷಾ ಆಯೋಗವು ಲೆಕ್ಕ ಹಾಕಿದಾಗ ಮೀಸಾದಡಿ 34,988 ಮಂದಿಯೂ ಭಾರತ ರಕ್ಷಣೆಯ ಕಾಯಿದೆಯಡಿ 75,818 ಮಂದಿಯೂ ಬಂಧಿತರಾಗಿದ್ದುದು ಗೊತ್ತಾಯಿತು. ಅಂಕಿಗಳನ್ನು ನಾನು ಬರೆಯುತ್ತೇನಾದರೂ, ಉಸಿರಿಗಾಗಿ ಒದ್ದಾಡಿದ ಒಬ್ಬಾಕೆಯ ರಾತ್ರಿಗಳನ್ನು ನೆನೆದಾಗ ಅವು ಬರಿಯ ಅಂಕಿಗಳಾಗಿಯೇ ಉಳಿಯುತ್ತವೆ.

ಇನ್ನು ನಮ್ಮ ಸೀಮೆಗೆ ಮರಳೋಣ. ಬಾದಾಮಿ, ಹುನಗುಂದ, ಬಾಗಲಕೋಟೆಗಳು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿ ಬ್ರಿಟಿಷರ ಕೈಕೆಳಗಿದ್ದರೆ, ಪಕ್ಕದ ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು, ಮಲಪ್ರಭೆಯ ದಂಡೆಯ ರಾಮದುರ್ಗ ಇನ್ನೊಂದು ಸಂಸ್ಥಾನ. ಒಂದೆರಡು ದಿನದ ಬಂಡಿಪಯಣದೊಳಗೆ ನಾಲ್ಕು ಬಗೆಯ ಪ್ರಭುತ್ವಗಳು. ಆಯುಧಗಳನ್ನು ಒಪ್ಪಿಸಿರೆಂಬ 1857ರ ಆಜ್ಞೆಯನ್ನು ಮೀರಿದ್ದಕ್ಕೆ ಮುಧೋಳ ಸೀಮೆಯ ಹಲಗಲಿಯನ್ನು ಕಂಪನಿಯ ದಂಡು ಸುಟ್ಟಿತು. ಅಲ್ಲಿನ ಬೇಡರ ಕಥೆ ಲಾವಣಿಯಾಗಿ ಇಂದಿಗೂ ಬದುಕಿದೆ. ತುರ್ತುಪರಿಸ್ಥಿತಿಯನ್ನು ಕುರಿತ ಲಾವಣಿಯನ್ನು ಮಾತ್ರ ನಾನು ಕೇಳಿದ್ದಿಲ್ಲ. 1939ರ ಏಪ್ರಿಲಿನಲ್ಲಿ ರಾಮದುರ್ಗದ ಪ್ರಜಾಸಂಘದ ಚಳವಳಿ ರಕ್ತಪಾತದಲ್ಲಿ ಪರ್ಯವಸಾನವಾಯಿತು. ಇಂತಹ ನೆರೆಹೊರೆಯಲ್ಲಿ, ಜಮಖಂಡಿ ಸಂಸ್ಥಾನದ ಸಾವಳಗಿ ಗ್ರಾಮದಲ್ಲಿ ಹುಟ್ಟಿ, ಜಮಖಂಡಿಯ ಪುರಸಭೆಯ ಸದಸ್ಯತ್ವದಿಂದ ಸಾರ್ವಜನಿಕ ಬದುಕನ್ನಾರಂಭಿಸಿ, ಅದೇ ಸಂಸ್ಥಾನದ ಮಂತ್ರಿಯಾಗಿ, 1948ರ ಮಾರ್ಚ್ 8ರಂದು ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಮರಳಿ ಕರಿಕೋಟು ತೊಟ್ಟು ವಕೀಲಿಗೆ ಹೋದವರು ಬಸಪ್ಪ ದಾನಪ್ಪ ಜತ್ತಿಯವರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದು, 1974ರ ಆಗಸ್ಟಿನಲ್ಲಿ ಭಾರತದ ಉಪರಾಷ್ಟ್ರಪತಿಗಳಾದರು. ಪದನಿಮಿತ್ತವಾಗಿ ರಾಜ್ಯಸಭೆಯ ಸಭಾಪತಿಗಳೂ ಆದರು.

ಜತ್ತಿಯವರನ್ನು ವೀರನನ್ನಾಗಿ ಚಿತ್ರಿಸುವುದು ನನ್ನ ಉದ್ದೇಶವಲ್ಲ. ವಿರೋಧಪಕ್ಷದ ಹಲವು ಆಸನಗಳು ಬರಿದಾಗಿದ್ದ ಆ ಸಭೆ, ತುರ್ತುಪರಿಸ್ಥಿತಿಯನ್ನು ನ್ಯಾಯಾಲಯಗಳು ವಿಮರ್ಶಿಸದಂತೆ ಮಾಡಿದ 38ನೆಯ ತಿದ್ದುಪಡಿಯನ್ನೂ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದ ಕೈಗೆಟಕದಂತಿರಿಸಿದ 39ನೆಯದನ್ನೂ, ಕಡೆಗೆ 42ನೆಯದನ್ನೂ ಒಪ್ಪಿತು. 1976ರ ಆಗಸ್ಟಿನಲ್ಲೊಂದು ದಿನ, ಸಭಾಪತಿಗಳು ಅಗಲಿದ ಗಣ್ಯರಿಗೆ ಸಂತಾಪ ಸೂಚಿಸುತ್ತಿದ್ದಾಗ, ಬಂಧನದ ವಾರಂಟು ಬೆನ್ನಟ್ಟಿದ್ದ ಸದಸ್ಯ ಸುಬ್ರಮಣಿಯನ್ ಸ್ವಾಮಿಯವರು ಎಲ್ಲಿಂದಲೋ ಪ್ರತ್ಯಕ್ಷರಾಗಿ, ಆ ಪಟ್ಟಿಯಲ್ಲಿ ಪ್ರಜಾಪ್ರಭುತ್ವದ ಹೆಸರೂ ಇರಬೇಕಿತ್ತು ಎಂಬರ್ಥದ ಮಾತನ್ನಾಡಿ, ಹಿಡಿಯುವವರು ಹಿಡಿಯುವಷ್ಟರಲ್ಲಿ ಮಾಯವಾದರು. ನವೆಂಬರಿನಲ್ಲಿ ಸಭೆ ಅವರನ್ನು ಉಚ್ಚಾಟಿಸಿತು. 2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದ ಅಧ್ಯಕ್ಷರು ಸೈನಿಕ ಶಾಸನವನ್ನು ಘೋಷಿಸಿದೊಡನೆ, ಅಲ್ಲಿಯ ಸಂಸತ್ಸದಸ್ಯರು ಬೇಲಿ ಹತ್ತಿ ಒಳಹೊಕ್ಕು, ಹಾಜರಿದ್ದ 190 ಮಂದಿಯೂ ಒಮ್ಮತದಿಂದ ಬೆಳಗಾಗುವ ಮೊದಲೇ ಅದನ್ನು ನಿರಾಕರಿಸಿದ ಸುದ್ದಿ ಓದಿದಾಗ, ಬೇಲಿಯನ್ನು ಒಳಮುಖವಾಗಿ ಹತ್ತಿದ ಆ ಸದಸ್ಯರೊಡನೆ ಹೊರಮುಖವಾಗಿ ಓಡಬೇಕಾಗಿ ಬಂದ ನಮ್ಮ ಸದಸ್ಯನೂ ನನಗೆ ನೆನಪಾದನು.

1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡು, ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಮಾರ್ಚಿನಲ್ಲಿ ಮತದಾನವಾಯಿತು, ಉತ್ತರದಲ್ಲಿ ಕಾಂಗ್ರೆಸ್ಸು ನೆಲಕಚ್ಚಿತು, ಪ್ರಧಾನಿಯವರೇ ರಾಯಬರೇಲಿಯಲ್ಲಿ ಸೋತರು. ಮಾರ್ಚ್ 21ರಂದು ಮಂತ್ರಿಮಂಡಲದ ಸಲಹೆಯಂತೆ ತುರ್ತುಪರಿಸ್ಥಿತಿಯನ್ನು ರದ್ದುಗೊಳಿಸಿದ ಪತ್ರಕ್ಕೆ ಬಿದ್ದದ್ದು ಸಾವಳಗಿಯವರ ಸಹಿ. ಅದರಲ್ಲಿ ಅವರ ಸ್ವಂತ ಸಾಹಸವೇನೂ ಇರಲಿಲ್ಲ, ಗೆದ್ದದ್ದು ಮತಪೆಟ್ಟಿಗೆ. ಹಾಗೆಂದು ಮತಪೆಟ್ಟಿಗೆಯೆಲ್ಲವೂ ಒಂದೇ ಮಾತನ್ನಾಡಲಿಲ್ಲ: ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸೇ ಗೆದ್ದಿತು. ಇದನ್ನು ಮರೆಮಾಚುವುದು ಸತ್ಯಕ್ಕೆ ಸಲ್ಲದು. ದೇವರಾಜ ಅರಸರ ಭೂಸುಧಾರಣೆಯಿಂದ ಉಳುವ ಹೊಲಕ್ಕೆ ಒಡೆಯನಾಗುವ ಭರವಸೆ ಪಡೆದ ಗೇಣಿದಾರನಿಗೆ ಬಂಧಮುಕ್ತಿಯ ಅರ್ಥವೇ ಬೇರೆಯಾಗಿತ್ತು. ಬೆಂಗಳೂರಿನ ಜೈಲಿನ ಗೋಡೆಯೊಳಗಿನ ಅನ್ಯಾಯ ಅವನ ಹೊಲದ ಬದುವಿನವರೆಗೆ ಬಂದು ಮುಟ್ಟಿರಲಿಲ್ಲ. ಅವನನ್ನು ದೂರುವ ಎದೆಗಾರಿಕೆ ನನಗಿಲ್ಲ.

ಜತ್ತಿಯವರ ಎರಡನೆಯ ಸಹಿಯ ವೃತ್ತಾಂತವೇ ನನಗೆ ಹೆಚ್ಚು ಸ್ವಾರಸ್ಯದ್ದಾಗಿ ಕಾಣುವುದು. ಹೊಸದಾಗಿ ಅಧಿಕಾರಕ್ಕೆ ಬಂದ ಜನತಾ ಸರಕಾರವು, ಲೋಕಸಭೆಯಲ್ಲಿ ಸೋತ ಪಕ್ಷಕ್ಕೆ ರಾಜ್ಯಗಳನ್ನಾಳುವ ನೈತಿಕ ಹಕ್ಕಿಲ್ಲವೆಂದು, ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆಯಿತ್ತಿತು. ಆ ರಾಜ್ಯಗಳಲ್ಲಿ ಕೆಲವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ ಸೋತವು. ಅಷ್ಟಾದರೂ ಜತ್ತಿಯವರು ಕೂಡಲೆ ಸಹಿ ಹಾಕದೆ ತಡೆದರು. ದಿಲ್ಲಿಯಲ್ಲಿ ಕೋಲಾಹಲವೆದ್ದಿತು; ಹಳೆಯ ಪಕ್ಷದ ಋಣ ತೀರಿಸುತ್ತಿದ್ದಾರೆಂದು ಹಲವರು ಆಡಿಕೊಂಡರು. ಸಂಪುಟವು ಪಟ್ಟುಹಿಡಿದ ಬಳಿಕ ಏಪ್ರಿಲ್ 30ರಂದು ಸಹಿ ಬಿದ್ದಿತು. ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿಗಳು ನಡೆಯತಕ್ಕದ್ದೆಂಬ ನಿಯಮವನ್ನು ಸ್ಪಷ್ಟಾಕ್ಷರಗಳಲ್ಲಿ ಬರೆದದ್ದು ಅದೇ 42ನೆಯ ತಿದ್ದುಪಡಿ; ತಾವು ಸಭಾಪತಿಯಾಗಿದ್ದ ಸಭೆ ಹೊಸೆದುಕೊಟ್ಟ ಹಗ್ಗದಿಂದಲೇ ಜತ್ತಿಯವರ ಕೈ ಕಟ್ಟಿತ್ತು. ಅವರ ತಡೆಯ ಹಿಂದೆ ಪಕ್ಷಪ್ರೀತಿಯಿತ್ತೋ ಸಂವಿಧಾನಪ್ರೀತಿಯಿತ್ತೋ, ಅದು ಅವರ ಅಂತರಂಗಕ್ಕೆ ಗೊತ್ತು. ನನಗನ್ನಿಸುವುದಿಷ್ಟೆ: 1975ರ ಜೂನ್ 25ರ ರಾತ್ರಿ ಇನ್ನೊಂದು ಕೈ ಇಷ್ಟೇ ಹೊತ್ತು ತಡೆದಿದ್ದರೆ, ಮಂತ್ರಿಮಂಡಲವನ್ನು ಕೇಳಿದಿರಾ ಎಂದೊಂದು ಮಾತು ಕೇಳಿದ್ದರೆ!

ಹಿಂದಿನವರಿಗೆ ಬರಹದಿಂದ ಅರಸನನ್ನು ಕಟ್ಟುವ ವಿದ್ಯೆ ಅಪರಿಚಿತವೇನಲ್ಲ. ಬಾದಾಮಿಯ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದಲ್ಲಿ ಪೊರಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯ ಶಾಸನದಲ್ಲಿ ಊರಿನವರು ರಾಜಪುರುಷರಿಗೆ ಸಲ್ಲಿಸಬೇಕಾದುದು ಮಾತ್ರವಲ್ಲ, ರಾಜಪುರುಷರು ಊರಿಗೆ ಸಲ್ಲಿಸಬೇಕಾದ ರಕ್ಷಣೆಯೂ ಕಲ್ಲಿನಲ್ಲಿ ನಿಂತಿದೆ. ಅದು ಪ್ರಜಾಪ್ರಭುತ್ವವಲ್ಲ, ಪ್ರಕೃತಿಗಳ ಎಣಿಕೆಯಲ್ಲಿ ಎಷ್ಟು ಜನ ಹೊರಗುಳಿದಿದ್ದರೋ ಯಾರು ಬಲ್ಲರು. ಆದರೂ ಆಳುವವನ ಕರ್ತವ್ಯವನ್ನು ಎಲ್ಲರೂ ಕಾಣುವೆಡೆ ಬರೆದಿಟ್ಟರು.

1978ರ 44ನೆಯ ತಿದ್ದುಪಡಿ ಅಂಥದೇ ಒಂದು ಬರಹ. ತುರ್ತುಪರಿಸ್ಥಿತಿಗೆ ಸಂಪುಟದ ಲಿಖಿತ ಸಲಹೆಯೇ ಬೇಕು. ‘ಒಳನಾಡಿನ ಕ್ಷೋಭೆ’ ಎಂಬ ಸಡಿಲ ಮಾತಿನ ಜಾಗದಲ್ಲಿ ಸಶಸ್ತ್ರ ಬಂಡಾಯವೇ ಆಗಿರಬೇಕು. 20 ಮತ್ತು 21ನೆಯ ಅನುಚ್ಛೇದಗಳ ಹಕ್ಕುಗಳು, ಜೀವ ಮತ್ತು ದೇಹಸ್ವಾತಂತ್ರ್ಯದ ಹಕ್ಕೂ ಸೇರಿ, ಯಾವ ತುರ್ತಿನಲ್ಲಿಯೂ ಅಮಾನತ್ತಾಗಕೂಡದು. ಇವುಗಳ ನಡುವೆ, ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಸಾಲು: ಮಂತ್ರಿಮಂಡಲದ ಸಲಹೆಯನ್ನು ರಾಷ್ಟ್ರಪತಿಗಳು ಒಂದು ಬಾರಿ ಪುನರ್ವಿಚಾರಕ್ಕಾಗಿ ಹಿಂದಿರುಗಿಸಬಹುದು. ಜತ್ತಿಯವರಿಗೆ ಇಲ್ಲದಿದ್ದ ಅಧಿಕಾರವದು.

1997ರ ಅಕ್ಟೋಬರಿನಲ್ಲಿ ಉತ್ತರಪ್ರದೇಶದ ಸರಕಾರವನ್ನು ವಜಾ ಮಾಡಬೇಕೆಂಬ ಕೇಂದ್ರ ಸಂಪುಟದ ಸಲಹೆಯನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ನರು ಈ ಸಾಲನ್ನು ಹಿಡಿದು ಹಿಂದಕ್ಕೆ ಕಳುಹಿಸಿದರು. ಸಂಪುಟ ಇನ್ನೊಮ್ಮೆ ಕೂತು ಯೋಚಿಸಿ, ಪ್ರಸ್ತಾಪವನ್ನು ಕೈಬಿಟ್ಟಿತು. ಬಿಜಾಪುರವನ್ನೊಡೆದು ಬಾಗಲಕೋಟೆಯನ್ನು ಪ್ರತ್ಯೇಕ ಜಿಲ್ಲೆಯನ್ನಾಗಿಸಿದ್ದೂ ಅದೇ ವರ್ಷ. ಎಂಬತ್ತು ದಾಟಿದ್ದ ಜತ್ತಿಯವರು ಆಗಿನ್ನೂ ಇದ್ದರು. ಅವರು ತೀರಿಕೊಂಡದ್ದು 2002ರ ಜೂನ್ 7ರಂದು.