ರಾಜಾಜಿನಗರದಷ್ಟೇ ಎತ್ತರ, ಹಾರಾಟಕ್ಕೆ ಮಾತ್ರ ತವರು

ಬೇಸಿಗೆ ಬಂತೆಂದರೆ ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಎಷ್ಟೋ ಮನೆಗಳಿಗೆ ಬೀಗ. ಅಪ್ಪ-ಅಮ್ಮ ಮಗನ ಮನೆಗೋ ಮಗಳ ಮನೆಗೋ ವಿದೇಶಕ್ಕೆ ಹೊರಟಿರುತ್ತಾರೆ. ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ಹೋದವರಿಗೆ ರೈನ್ ನದಿಯ ದೋಣಿ, ಹೈಡೆಲ್‌ಬರ್ಗ್ ಕೋಟೆ ತೋರಿಸಿ ಮಕ್ಕಳು ಕೈತೊಳೆದುಕೊಳ್ಳುತ್ತಾರೆ. ಫ್ರಾಂಕ್‌ಫರ್ಟ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ ಕೂತರೆ ಫುಲ್ಡಾ, ಮುಂದೆ ಗುಡ್ಡ ಹತ್ತಿದರೆ ವಾಸರ್‌ಕುಪ್ಪೆ. ಇಂಜಿನ್ ಇಲ್ಲದ ವಿಮಾನಗಳು ಹಾರಲು ಕಲಿತದ್ದು ಇಲ್ಲಿ.

ಎತ್ತರ 950 ಮೀಟರ್. ಹೆಸ್ಸೆ ರಾಜ್ಯದಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ಬೆಂಗಳೂರು 920ರ ಆಸುಪಾಸಿನಲ್ಲಿದೆ. ರಾಜಾಜಿನಗರದವರು ಬೆಳಿಗ್ಗೆ ಹಾಲು ತರಲು ಹೋಗುವ ಎತ್ತರಕ್ಕೆ ಅಲ್ಲಿನವರು ಪ್ರವಾಸ ಬರುತ್ತಾರೆ! ಆದರೆ ನಮ್ಮದು ಹರಡಿಕೊಂಡ ದಿಣ್ಣೆ. ಅಲ್ಲಿ ಬೋಳು ಹುಲ್ಲಿನ ಇಳಿಜಾರು ನೇರ ಕಣಿವೆಗಿಳಿಯುತ್ತದೆ. ಬೀಸಿ ಬಂದ ಗಾಳಿ ಅದಕ್ಕೆ ಬಡಿದು ಮೇಲಕ್ಕೆ ನುಗ್ಗುತ್ತದೆ. ಆ ಏರುಗಾಳಿಯೇ ಗ್ಲೈಡರಿಗೆ ಪೆಟ್ರೋಲು.

ಈ ಗಾಳಿಯ ಗುಟ್ಟು ಹಿಡಿದವರು ವಿದ್ಯಾರ್ಥಿಗಳು. ಡಾರ್ಮ್‌ಸ್ಟಾಟ್‌ನ ಹುಡುಗರು 1911ರಲ್ಲೇ ಇಲ್ಲಿ ಹಾರಾಟ ಶುರುಮಾಡಿದ್ದರು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೋಟಾರು ವಿಮಾನಗಳಿಗೆ ವರ್ಸೈಲ್ಸ್ ಒಪ್ಪಂದ ಮೂಗುದಾರ ಹಾಕಿತು. ಮೋಟಾರು ಬೇಡವೆಂದರೆ ಬೇಡ ಎಂದು ಪತ್ರಿಕಾ ಸಂಪಾದಕ ಆಸ್ಕರ್ ಉರ್ಸಿನಸ್ 1920ರಲ್ಲಿ ಈ ಗುಡ್ಡದ ಮೇಲೆ ಗ್ಲೈಡರ್ ಸ್ಪರ್ಧೆಯನ್ನೇ ಹೂಡಿದರು. ಎರಡೇ ವರ್ಷ, 1922ರ ಆಗಸ್ಟಿನಲ್ಲಿ ಹ್ಯಾನೋವರ್ ವಿದ್ಯಾರ್ಥಿಗಳ 'ವ್ಯಾಂಪೈರ್' ಗ್ಲೈಡರಿನಲ್ಲಿ ಆರ್ಥರ್ ಮಾರ್ಟೆನ್ಸ್ ಗಂಟೆಗೂ ಹೆಚ್ಚು ಹೊತ್ತು ನೆಲ ಮುಟ್ಟದೆ ಉಳಿದರು. ಕೆಲವೇ ದಿನಗಳಲ್ಲಿ ಅದೇ ತಂಡದ ಹೆಂಟ್ಸೆನ್ ಅದನ್ನು ಮೂರು ಗಂಟೆಗೆ ಏರಿಸಿದರು. ನಿಷೇಧದಿಂದ ಲಾಭವಾದ ಅಪರೂಪದ ಪ್ರಸಂಗವಿದು.

ಬೆಂಗಳೂರಿಗೂ ಇದರ ನಂಟಿದೆ, ಸ್ವಲ್ಪ ಸುತ್ತುಬಳಸಿನದು. ಜರ್ಮನಿಯ ಗಾಟಿಂಗನ್‌ನಲ್ಲಿ ವಾಯುಚಲನ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ ಬಳಿ ಕಲಿತುಬಂದ ವಿ.ಎಂ. ಘಾಟಗೆ, ಎರಡನೇ ಮಹಾಯುದ್ಧದ ದಿನಗಳಲ್ಲಿ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಹತ್ತು ಜನ ಕೂರುವ ಸೈನಿಕ ಗ್ಲೈಡರ್ ವಿನ್ಯಾಸ ಮಾಡಿದರು. ಇಂದಿನ ಎಚ್‌ಎಎಲ್‌ನ ವಿನ್ಯಾಸ ಪರಂಪರೆಗೆ ಅದೇ ಶ್ರೀಕಾರ.

ಗ್ಲೈಡರ್ ಏರುವುದನ್ನು ಹತ್ತಿರದಿಂದ ನೋಡಬೇಕು. ಮೈದಾನದ ಆ ತುದಿಯಲ್ಲಿ ಹಗ್ಗ ಸುತ್ತಿ ಎಳೆಯುವ ವಿಂಚ್ ಯಂತ್ರ, ಈ ತುದಿಯಲ್ಲಿ ಗ್ಲೈಡರ್, ನಡುವೆ ಉದ್ದನೆಯ ಹಗ್ಗ. ಒಬ್ಬ ರೆಕ್ಕೆಯ ತುದಿ ಹಿಡಿದು ಸಮಮಾಡಿ ನಿಲ್ಲುತ್ತಾನೆ. ಹಗ್ಗ ಬಿಗಿಯಾದದ್ದೇ ತಡ, ನಾಲ್ಕು ಹೆಜ್ಜೆ ಓಡಿ ಕೈಬಿಡುತ್ತಾನೆ. ಗ್ಲೈಡರ್ ಮೂತಿ ಎತ್ತಿ ಕಡಿದಾಗಿ ಏರುತ್ತದೆ. ಮೇಲೆ ಕೊಂಡಿ ಕಳಚಿದ ಮೇಲೆ ಗಾಳಿಯ ಸದ್ದಷ್ಟೇ. ಏರುತ್ತಿದ್ದೀರೋ ಇಳಿಯುತ್ತಿದ್ದೀರೋ ಎಂದು ವೇರಿಯೋಮೀಟರ್ ಕೀಚ್ ಕೀಚ್ ಎನ್ನುತ್ತದೆ. ನನಗೆ ಇಷ್ಟವಾಗುವುದು ಗಾಜಿನ ಮುಚ್ಚಳದ ಹೊರಗೆ ಅಂಟಿಸಿದ ಉಣ್ಣೆ ದಾರದ ತುಂಡು. ಅದು ನೆಟ್ಟಗಿದ್ದರೆ ವಿಮಾನ ಸರಿಯಾಗಿ ಸಾಗುತ್ತಿದೆ, ಓರೆಯಾದರೆ ಪಕ್ಕಕ್ಕೆ ಜಾರುತ್ತಿದೆ. ಲಕ್ಷಾಂತರ ರೂಪಾಯಿಯ ಗ್ಲೈಡರಿಗೂ ಆ ಪುಡಿಗಾಸಿನ ದಾರವೇ ಗುರು. ಬಿಸಿಲೇರಿದಾಗ ಬಿಸಿಗಾಳಿ ಹಿಡಿದು ಸುತ್ತುಹಾಕುವ ವಿದ್ಯೆಯನ್ನು ಯಶವಂತಪುರ ಮಾರುಕಟ್ಟೆಯ ಹದ್ದುಗಳಿಂದಲೇ ಕಲಿಯಬಹುದು!

ಗ್ಲೈಡರ್ ಏರಲು ನೀವು ಪೈಲಟ್ ಆಗಿರಬೇಕಿಲ್ಲ. ತರಬೇತಾದ ಪೈಲಟ್ ಹಿಂದೆ ಕೂತು ನಿಮ್ಮನ್ನು ಮುಂದಿನ ಸೀಟಿನಲ್ಲಿ ಹಾರಿಸುವ ಅತಿಥಿ ಹಾರಾಟ ವಾಸರ್‌ಕುಪ್ಪೆಯಲ್ಲಷ್ಟೇ ಅಲ್ಲ, ಯೂರೋಪಿನ ಬಹಳಷ್ಟು ಕ್ಲಬ್ಬುಗಳಲ್ಲಿದೆ. ಮಕ್ಕಳಿರುವ ಊರಿನ ಹತ್ತಿರ ಗ್ಲೈಡಿಂಗ್ ಕ್ಲಬ್ ಎಲ್ಲಿದೆ ಎಂದು ವಿಚಾರಿಸಿ, ವಾರಾಂತ್ಯ ಹೋಗಿ. ಸದಸ್ಯರು ಸೇರುವುದು ಆಗಲೇ. ದೇಹತೂಕದ ಮಿತಿಯನ್ನು ಮೊದಲೇ ಕೇಳಿಕೊಳ್ಳಿ. ಹಾರಿಸಲು ಪುಟ್ಟ ಮಾದರಿ ಗ್ಲೈಡರ್ ಜೊತೆಗೆ ಒಯ್ಯುವವರು ಸ್ಥಳೀಯ ನಿಯಮ ತಿಳಿದುಕೊಳ್ಳಬೇಕು. ಜರ್ಮನಿಯಲ್ಲಿ ಅದಕ್ಕೆ ವಿಮೆ ಕಡ್ಡಾಯ. ವೀಸಾ ಇಲ್ಲದ ಆಸೆಗೆ ಪುಣೆಯ ಹಡಪ್ಸರ್ ಇದೆ, ಅಲ್ಲಿ ಕೇಂದ್ರ ಸರ್ಕಾರದ ಗ್ಲೈಡಿಂಗ್ ಕೇಂದ್ರ ದಶಕಗಳ ಕಾಲ ನಡೆದಿದೆ. ಹೊರಡುವ ಮುನ್ನ ವಿಚಾರಿಸಿ.

ವಾಸರ್‌ಕುಪ್ಪೆಯಲ್ಲಿ ಮಂಜು ಕವಿದರೆ ಹಾರಾಟ ಬಂದ್. ಅಂಥ ದಿನಕ್ಕೆಂದೇ ಎಂಬಂತೆ ಗುಡ್ಡದ ಮೇಲೆ 1987ರಿಂದ ಗ್ಲೈಡರ್ ಸಂಗ್ರಹಾಲಯವಿದೆ. ಮರ, ಬಟ್ಟೆಯ ಹಳೆಯ ಗ್ಲೈಡರುಗಳ ಜೊತೆ ಮಾದರಿ ವಿಮಾನಗಳಿಗೂ ಅಲ್ಲಿ ಜಾಗ ಕೊಟ್ಟಿದ್ದಾರೆ.