ಚಿತ್ರಕೃಪೆ: ಅಂತರಜಾಲ

ಮುಳ್ಳಯ್ಯನಗಿರಿಯಲ್ಲಿ ಮಂಜು ಇಳಿಯುವ ಹೊತ್ತಿಗೆ ನೀವೊಂದು ಫೋಟೊ ತೆಗೆದಿರಿ, ಇನ್‌ಸ್ಟಾಗ್ರಾಂಗೆ ಹಾಕಿದಿರಿ. ಕೆಲವು ತಿಂಗಳ ಮೇಲೆ ಗೆಳೆಯರೊಬ್ಬರು ಒಂದು ಲಿಂಕ್ ಕಳಿಸುತ್ತಾರೆ. ತೆರೆದು ನೋಡಿದರೆ ಯಾವುದೋ ಹೋಮ್‌ಸ್ಟೇಯ ಬುಕಿಂಗ್ ಪುಟ. ಅದೇ ಮಂಜು, ಅದೇ ಮುರಿದ ಬೇಲಿಗೂಟ. ಕೆಳಗಿನ ಮೂಲೆಯಲ್ಲಿದ್ದ ನಿಮ್ಮ ಹೆಸರನ್ನು ಮಾತ್ರ ಕತ್ತರಿಸಿದ್ದಾರೆ. ಫೋನ್ ಮಾಡಿದರೆ, ‘ಗೂಗಲ್‌ನಲ್ಲಿ ಸಿಕ್ತು ಸಾರ್’ ಎಂಬ ಉತ್ತರ.

ಆ ಮಾಲೀಕರು ಸುಳ್ಳು ಹೇಳುತ್ತಿಲ್ಲ. ಸಿಕ್ಕಿದ್ದನ್ನೆಲ್ಲ ಬಳಸಬಹುದು ಎಂದು ಅವರು ನಿಜವಾಗಿಯೂ ನಂಬಿದ್ದಾರೆ. ಹಾಗೆಂದು ತಪ್ಪು ತಿಳಿವಳಿಕೆ ಎತ್ತಿಕೊಂಡವರಲ್ಲಿ ಮಾತ್ರ ಇದೆ ಎನ್ನಲಾಗದು, ಕಳೆದುಕೊಂಡವರಲ್ಲೂ ಸಾಕಷ್ಟಿದೆ.

‘ಅಂತರಜಾಲಕ್ಕೆ ಹಾಕಿದ ಮೇಲೆ ಅದು ಎಲ್ಲರದ್ದು’

ಅಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೊ ಒಂದು ಕಲಾಕೃತಿ. ಅದರಲ್ಲಿ ಕಲೆ ಇದೆಯೋ ಇಲ್ಲವೋ ಎಂಬುದು ಬೇಡದ ಮಾತು ಎಂದು ಕಾಯ್ದೆಯೇ ಹೇಳುತ್ತದೆ. ದುಬಾರಿ ಕ್ಯಾಮೆರಾದಲ್ಲಿ ತೆಗೆದರೂ ಒಂದೇ, ಬಸ್ಸಿನ ಕಿಟಕಿಯಿಂದ ಮೊಬೈಲ್‌ನಲ್ಲಿ ತೆಗೆದರೂ ಒಂದೇ. ತೆಗೆದವರೇ ಅದರ ಕರ್ತೃ. ಹಕ್ಕು ಅವರ ಜೀವಿತಾವಧಿಯಿಡೀ ಇದ್ದು, ಮರಣಾನಂತರವೂ 60 ವರ್ಷ ಉಳಿಯುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಷರತ್ತಿಗೆ ನಾವು ಒಪ್ಪಿಗೆ ಒತ್ತಿದಾಗ ಬಳಕೆಯ ಪರವಾನಗಿ ಸಿಗುವುದು ಆ ಕಂಪನಿಗೆ. ದಾರಿಹೋಕರಿಗಲ್ಲ.

ಇದಕ್ಕೆ ಹೈಟಿಯ ಛಾಯಾಗ್ರಾಹಕ ಡೇನಿಯಲ್ ಮೊರೆಲ್ ಅವರ ಪ್ರಕರಣ ನೋಡಿ. 2010ರ ಜನವರಿಯ ಭೂಕಂಪದ ದಿನ ಅವರು ತೆಗೆದ ಚಿತ್ರಗಳನ್ನು ಟ್ವಿಟರ್ ಮೂಲಕ ಹಂಚಿದರು. ಇನ್ನೊಬ್ಬ ಅವನ್ನು ತನ್ನದೆಂಬಂತೆ ಮರುಹಂಚಿದ. ಎಎಫ್‌ಪಿ ಸುದ್ದಿಸಂಸ್ಥೆ ಅಲ್ಲಿಂದ ಎತ್ತಿಕೊಂಡಿತು, ಗೆಟ್ಟಿ ಇಮೇಜಸ್ ಜಗತ್ತಿಗೆಲ್ಲ ವಿತರಿಸಿತು. ಟ್ವಿಟರ್‌ಗೆ ಬಂದದ್ದನ್ನು ಬಳಸಬಹುದು ಎಂಬ ವಾದ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 2013ರಲ್ಲಿ ಜ್ಯೂರಿ ಮೊರೆಲ್ ಅವರಿಗೆ 12 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಅಷ್ಟು ದೊಡ್ಡ ಮೊತ್ತ ಸಾಧ್ಯವಾದದ್ದು ಅಮೆರಿಕದ ಕಾನೂನಿನಲ್ಲಿ ಪರಿಹಾರದ ಮಿತಿಯನ್ನು ಮೊದಲೇ ಬರೆದಿಟ್ಟಿರುವುದರಿಂದ. ನಮ್ಮಲ್ಲಿ ಹಾಗಿಲ್ಲ, ನಷ್ಟ ಎಷ್ಟೆಂದು ಕೇಳಿದವರೇ ತೋರಿಸಬೇಕು.

‘ಕೃಪೆ ಹಾಕಿದ್ದೇವಲ್ಲ!’

ಅನುಮತಿ ಬೇರೆ, ಹೆಸರು ಹಾಕುವುದು ಬೇರೆ. ಹೆಸರು ಹಾಕಿಸಿಕೊಳ್ಳುವುದು ಸೆಕ್ಷನ್ 57ರ ಅಡಿ ಕರ್ತೃವಿಗೆ ಪ್ರತ್ಯೇಕವಾಗಿ ಇರುವ ಹಕ್ಕು. ಹಕ್ಕುಸ್ವಾಮ್ಯವನ್ನೇ ಮಾರಿದ ಮೇಲೂ ಅದು ಉಳಿಯುತ್ತದೆ. ಇನ್ನು ನಮ್ಮ ಪತ್ರಿಕೆಗಳೂ ಬಿಡದೆ ಹಾಕುವ ‘ಚಿತ್ರಕೃಪೆ: ಅಂತರಜಾಲ’ ಎಂಬ ಸಾಲು ಎರಡೂ ಅಲ್ಲ. ಆ ಹೆಸರಿನ ಛಾಯಾಗ್ರಾಹಕರು ಯಾರೂ ಇಲ್ಲ. ಕದ್ದದ್ದನ್ನು ಬರಹದಲ್ಲೇ ಒಪ್ಪಿಕೊಂಡಂತಾಯಿತು, ಅಷ್ಟೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರಗಳನ್ನು ಹಣ ಕೊಡದೆ ಬಳಸಬಹುದು ನಿಜ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಹೆಸರು ಹಾಕುವುದೇ ಷರತ್ತು, ಕೆಲವಕ್ಕೆ ವ್ಯಾಪಾರಕ್ಕೆ ಬಳಸಬಾರದೆಂಬ ಷರತ್ತೂ ಇರುತ್ತದೆ. ಬಣ್ಣ ಬದಲಿಸಿದರೆ, ಫಿಲ್ಟರ್ ಹಾಕಿದರೆ, ಶೇಕಡಾ ಇಷ್ಟು ತಿದ್ದಿದರೆ ಚಿತ್ರ ತನ್ನದಾಗುತ್ತದೆ ಎಂಬ ಲೆಕ್ಕಕ್ಕೆ ಕಾಯ್ದೆಯಲ್ಲಿ ಎಲ್ಲೂ ಆಧಾರವಿಲ್ಲ.

‘ನೋಂದಣಿ ಇಲ್ಲ, ವಾಟರ್‌ಮಾರ್ಕ್ ಇಲ್ಲ, ಹಾಗಾಗಿ ಹಕ್ಕಿಲ್ಲ’

ಬೇಲಿ ಹಾಕಿಲ್ಲ ಎಂದ ಮಾತ್ರಕ್ಕೆ ಹೊಲ ಪಕ್ಕದವರದಾಗುವುದಿಲ್ಲ. ದಾವೆ ಹೂಡಲು ನೋಂದಣಿ ಕಡ್ಡಾಯವಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ ಮತ್ತೆ ಸ್ಪಷ್ಟಪಡಿಸಿತು. ನೋಂದಣಿ ಮಾಡಿಸಿದ್ದರೆ ಮೇಲ್ನೋಟದ ಪುರಾವೆಯಾಗಿ ನೆರವಾಗುತ್ತದೆ. ಪ್ರಕಟಿತ ಚಿತ್ರದ ಮೇಲೆ ಹೆಸರಿದ್ದರೆ, ಬೇರೆ ರುಜುವಾತಾಗುವವರೆಗೆ ಆ ಹೆಸರಿನವರೇ ಕರ್ತೃ ಎಂದು ನ್ಯಾಯಾಲಯ ಭಾವಿಸುತ್ತದೆ. ಅಂಥ ಹೆಸರು, ಹಕ್ಕಿನ ವಿವರಗಳನ್ನು ಗೊತ್ತಿದ್ದೂ ಅಳಿಸುವುದನ್ನು 2012ರ ತಿದ್ದುಪಡಿ ಬೇರೆಯೇ ಅಪರಾಧವೆಂದಿದೆ. 2 ವರ್ಷದವರೆಗೆ ಜೈಲು.

‘ನಾನು ತೆಗೆದದ್ದು, ಹಾಗಾಗಿ ನನ್ನದು’

ಛಾಯಾಗ್ರಾಹಕರು ಎಡವುವುದು ಇಲ್ಲೇ. ಮದುವೆಯ ಫೋಟೊಗಳು ಯಾರವು? ಸ್ಟುಡಿಯೊದವರನ್ನು ಕೇಳಿದರೆ ‘ನಮ್ಮವು’ ಎನ್ನುತ್ತಾರೆ. ಸೆಕ್ಷನ್ 17 ಹೇಳುವುದು ಬೇರೆ. ಒಬ್ಬರು ಹಣ ಕೊಟ್ಟು, ಹೇಳಿ ತೆಗೆಸಿದ ಫೋಟೊದ ಮೊದಲ ಒಡೆತನ ತೆಗೆಸಿದವರದ್ದು. ಬೇರೆ ಕರಾರಿದ್ದರೆ ಮಾತ್ರ ಬದಲಾಗುತ್ತದೆ. ಸಂಬಳದ ಕೆಲಸದ ಭಾಗವಾಗಿ ತೆಗೆದದ್ದು ಸಾಮಾನ್ಯವಾಗಿ ಮಾಲೀಕರದ್ದು. ಹಾಗಾಗಿ ಪ್ರಿ-ವೆಡ್ಡಿಂಗ್ ಶೂಟ್‌ನ ಚಿತ್ರವನ್ನು ಕೇಳದೆ ತನ್ನ ಜಾಹೀರಾತಿಗೆ ಹಾಕಿಕೊಳ್ಳುವ ಸ್ಟುಡಿಯೊವೇ ಉಲ್ಲಂಘನೆ ಮಾಡಿದಂತಾಗಬಹುದು. ನಮ್ಮೂರುಗಳಲ್ಲಿ ಮದುವೆ ಫೋಟೊಗ್ರಫಿಯ ಮುಂಗಡ ರಸೀದಿ ನೋಡಿ: ಆಲ್ಬಂ ಎಷ್ಟು ಪುಟ, ಡ್ರೋನ್ ಇದೆಯೋ ಇಲ್ಲವೋ, ಎಲ್ಲ ಇರುತ್ತದೆ. ಹಕ್ಕು ಯಾರದ್ದು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಆ ಸಾಲು ಬರೆಸಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಫೋಟೊದೊಳಗಿನ ಮನುಷ್ಯರ ಹಕ್ಕು ಇದಕ್ಕಿಂತ ಪ್ರತ್ಯೇಕ. ಫ್ಲಿಕರ್‌ನಲ್ಲಿದ್ದ, ವಾಣಿಜ್ಯ ಬಳಕೆಗೂ ಪರವಾನಗಿ ಇದ್ದ ಚಿತ್ರವೊಂದನ್ನು 2007ರಲ್ಲಿ ವರ್ಜಿನ್ ಮೊಬೈಲ್ ಕಂಪನಿ ಆಸ್ಟ್ರೇಲಿಯಾದಲ್ಲಿ ಜಾಹೀರಾತಿಗೆ ಬಳಸಿತು. ತೆಗೆದವರ ಪರವಾನಗಿ ಇತ್ತು. ಚಿತ್ರದಲ್ಲಿದ್ದ ಟೆಕ್ಸಾಸ್‌ನ ಹದಿಹರೆಯದ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಆಸ್ಟ್ರೇಲಿಯಾದ ಕಂಪನಿ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಟೆಕ್ಸಾಸ್‌ನ ನ್ಯಾಯಾಲಯ ಹುಡುಗಿಯ ಕಡೆಯವರ ಮೊಕದ್ದಮೆಯನ್ನು ಕೈಬಿಟ್ಟಿತು, ಪ್ರಶ್ನೆ ಹಾಗೇ ಉಳಿಯಿತು. ಒಪ್ಪಿಗೆಯಿಲ್ಲದೆ ಒಬ್ಬರ ಹೆಸರನ್ನೋ ಚಹರೆಯನ್ನೋ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂದು ನಮ್ಮ ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ಪ್ರಕರಣದಲ್ಲೇ ಹೇಳಿದೆ. ಸಂತೆಯಲ್ಲಿ ಕೂತ ಅಜ್ಜಿಯ ಮುಖವನ್ನು ಮಸಾಲೆ ಕಂಪನಿಗೆ ಮಾರುವ ಮುನ್ನ ಆ ಅಜ್ಜಿಯನ್ನು ಕೇಳಬೇಕು.

‘ಫೇಸ್‌ಬುಕ್‌ನಲ್ಲಿ ಮಾನ ಹರಾಜು ಹಾಕಿದರೆ ದಾರಿಗೆ ಬರುತ್ತಾರೆ’

ಹೀಗೆ ಮಾಡಿದರೆ ಅವರು ಮೊದಲು ಮಾಡುವ ಕೆಲಸ ಪುಟ ಅಳಿಸುವುದು. ನಿಮ್ಮ ಸಾಕ್ಷಿ ಅದರೊಂದಿಗೇ ಹೋಯಿತು. ಸಿಟ್ಟು ಬಂದ ಕ್ಷಣದಲ್ಲಿ ಸುಮ್ಮನಿರಿ. ಪುಟದ ವಿಳಾಸ, ದಿನಾಂಕ, ಬೆಲೆಪಟ್ಟಿ ಎಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಪುಟದ ಪ್ರತಿ ಉಳಿಸಿ. ಅದೇ ಚಿತ್ರ ಬೇರೆಲ್ಲಿದೆ ಎಂದು ಗೂಗಲ್ ಲೆನ್ಸ್‌ನಲ್ಲೋ ಟಿನ್‌ಐನಲ್ಲೋ ಹುಡುಕಿ. ಮೂಲ ಕಡತ, ಅದರ ಹಿಂದೆ ಮುಂದೆ ತೆಗೆದ ಚಿತ್ರಗಳು ನಿಮ್ಮ ಬಳಿ ಮಾತ್ರ ಇರುತ್ತವೆ; ಅದಕ್ಕಿಂತ ಬಲವಾದ ಪುರಾವೆ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹಾದುಬಂದ ಪ್ರತಿಯಲ್ಲಿ ದಿನಾಂಕ, ಕ್ಯಾಮೆರಾ ವಿವರಗಳು ಸಾಮಾನ್ಯವಾಗಿ ಉಳಿದಿರುವುದಿಲ್ಲ. ನ್ಯಾಯಾಲಯಕ್ಕೆ ಹೋಗುವುದಾದರೆ ಈ ವಿದ್ಯುನ್ಮಾನ ದಾಖಲೆಗಳ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು.

ಆಮೇಲೆ ಒಂದು ಪತ್ರ. ‘ಈ ಚಿತ್ರ ಇಂಥ ದಿನ ನಾನು ತೆಗೆದದ್ದು. ನಿಮ್ಮ ಪುಟದಲ್ಲಿ ಅನುಮತಿಯಿಲ್ಲದೆ ಬಳಕೆಯಾಗಿದೆ. ತೆಗೆದುಹಾಕಿ, ಈವರೆಗಿನ ಬಳಕೆಗೆ ಇಷ್ಟು ಶುಲ್ಕ ಕೊಡಿ, 15 ದಿನದೊಳಗೆ ಉತ್ತರಿಸಿ.’ ಇಷ್ಟು ಸಾಕು, ಬೈಗುಳ ಬೇಡ. ತೆಗೆಯಿರಿ ಎಂದಷ್ಟೇ ಬರೆದರೆ ತೆಗೆದು ಕೈತೊಳೆದುಕೊಳ್ಳುತ್ತಾರೆ, ಆದ್ದರಿಂದ ಶುಲ್ಕವನ್ನು ಮೊದಲ ಪತ್ರದಲ್ಲೇ ಕೇಳಿ. ಹಕ್ಕು ನಿಮ್ಮದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ; ಆಧಾರವಿಲ್ಲದೆ ಬೆದರಿಸಿದವರ ಮೇಲೆಯೇ ದಾವೆ ಹೂಡಲು ಕಾಪಿರೈಟ್ ಕಾಯ್ದೆಯ ಸೆಕ್ಷನ್ 60 ಅವಕಾಶ ಕೊಡುತ್ತದೆ.

ಉತ್ತರವೇ ಬರದಿದ್ದರೆ ಆ ಪುಟ ಇರುವ ಜಾಲತಾಣಕ್ಕೆ ಬರೆಯಬಹುದು. ದೂರು ಸರಿಯಾಗಿದ್ದರೆ 36 ಗಂಟೆಯೊಳಗೆ ಅದು ಚಿತ್ರ ಸಿಗದಂತೆ ಮಾಡಬೇಕು. 21 ದಿನದೊಳಗೆ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಚಿತ್ರ ಮತ್ತೆ ಕಾಣಿಸಿಕೊಳ್ಳಬಹುದು. ಅಮೆರಿಕದ ಕಂಪನಿಗಳಿಗೆ ಅಲ್ಲಿನ 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆಯಡಿ ಹಾಕುವ ದೂರಿಗೆ ನೋಂದಣಿ ಬೇಕಿಲ್ಲ.

‘ದೂರದ ಊರಿನವರ ಮೇಲೆ ಕೇಸು ಹಾಕುವುದು ನಮ್ಮಿಂದಾಗದು’

ಕಳ್ಳರ ಊರಿಗೇ ಹೋಗಬೇಕಿಲ್ಲ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಾಗದ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಲು ಸೆಕ್ಷನ್ 62 ದಾರಿ ಮಾಡಿದೆ. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ, ಹೋಗಿ’ ಎಂದರೆ ಅದೂ ಪೂರ್ತಿ ಸರಿಯಲ್ಲ: ಗೊತ್ತಿದ್ದೂ ಮಾಡಿದ ಉಲ್ಲಂಘನೆ ಪೊಲೀಸರೇ ತನಿಖೆ ನಡೆಸಬಹುದಾದ, ಜಾಮೀನುರಹಿತ ಅಪರಾಧ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಿಕ್ಷೆ 6 ತಿಂಗಳಿಂದ 3 ವರ್ಷ, ದಂಡ 50 ಸಾವಿರದಿಂದ 2 ಲಕ್ಷ ರೂಪಾಯಿ. ಒಂದು ಫೋಟೊಗಾಗಿ ಹೋಮ್‌ಸ್ಟೇ ಮಾಲೀಕರನ್ನು ಜೈಲಿಗೆ ಕಳಿಸಬೇಕೆಂದು ನನಗಂತೂ ಅನಿಸುವುದಿಲ್ಲ. ಶುಲ್ಕ ವಸೂಲಾದರೆ ಸಾಕು.

‘ಗೊತ್ತಿರಲಿಲ್ಲ’ ಎಂಬುದನ್ನು ಅವರು ರುಜುವಾತು ಮಾಡಿದರೂ ಪೂರ್ತಿ ಪಾರಾಗುವುದಿಲ್ಲ. ನಷ್ಟಪರಿಹಾರ ತಪ್ಪಬಹುದು, ಆದರೆ ತಡೆಯಾಜ್ಞೆ ಬರುತ್ತದೆ, ಚಿತ್ರದಿಂದ ಬಂದ ಲಾಭದಲ್ಲಿ ಪಾಲನ್ನೂ ನ್ಯಾಯಾಲಯ ಕೊಡಿಸಬಹುದು. ನಿಮ್ಮ ಪತ್ರ ತಲುಪಿದ ಮೇಲಂತೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಪರಿಹಾರದ ದಾವೆಗೆ ಇರುವ ಅವಧಿ ಉಲ್ಲಂಘನೆ ನಡೆದ ದಿನದಿಂದ 3 ವರ್ಷ.